ಲಿನಕ್ಸ್‌ನಲ್ಲಿ ಅತಿಗೆಂಪು ರಿಮೋಟ್

ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳ ಅತಿಗೆಂಪು ರಿಮೋಟ್ ಕಳಿಸುವ ಸಂಕೇತವನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಓದುವ ಕೆಲಸ ಇಂದು ಕರ್ನಲ್‌ನೊಳಗಿರುವ ‘ಆರ್‌ಸಿ-ಕೋರ್’ ಎಂಬ ಭಾಗದ್ದು. ಮೊದಲು ಹೀಗಿರಲಿಲ್ಲ.

ಗುಂಡಿ ಒತ್ತಿದೊಡನೆ ರಿಮೋಟಿನ ಎಲ್‌ಇಡಿ ಕಣ್ಣಿಗೆ ಕಾಣದ ಬೆಳಕನ್ನು ಮಿನುಗಿಸುತ್ತದೆ. ಬಿಸಿಲು, ಟ್ಯೂಬ್‌ಲೈಟುಗಳ ಬೆಳಕಿನಿಂದ ಅದನ್ನು ಬೇರ್ಪಡಿಸಲು ಸೆಕೆಂಡಿಗೆ ಸುಮಾರು 38,000 ಸಲ ಮಿನುಗುವುದು ವಾಡಿಕೆ. ಮಿನುಗು ಎಷ್ಟು ಹೊತ್ತು, ಬಿಡುವು ಎಷ್ಟು ಹೊತ್ತು ಎಂಬುದರಲ್ಲೇ ಸಂದೇಶವಿದೆ. ತೊಡಕೂ ಇಲ್ಲೇ: ಒಬ್ಬೊಬ್ಬ ತಯಾರಕರದು ಒಂದೊಂದು ಪ್ರೋಟೋಕಾಲ್. ಎನ್‌ಇಸಿ ವಿಧಾನ 9 ಮಿಲಿಸೆಕೆಂಡಿನ ಮಿನುಗು, 4.5 ಮಿಲಿಸೆಕೆಂಡಿನ ಬಿಡುವಿನಿಂದ ಆರಂಭವಾಗಿ 32 ಬಿಟ್ ಕಳಿಸುತ್ತದೆ. ಗುಂಡಿಯನ್ನು ಒತ್ತಿಯೇ ಹಿಡಿದರೆ ಆಮೇಲೆ ಬರುವುದು ‘ಪುನಃ’ ಎನ್ನುವ ಚುಟುಕು ಸಂಕೇತವಷ್ಟೇ. ಫಿಲಿಪ್ಸ್‌ನ ಆರ್‌ಸಿ-5ರಲ್ಲಿ 14 ಬಿಟ್‌ಗಳಿದ್ದು, ಅವುಗಳಲ್ಲೊಂದು ಪ್ರತಿ ಹೊಸ ಒತ್ತಿಗೆ ಮಗುಚಿಕೊಳ್ಳುತ್ತದೆ. ಹಾಗಾಗಿ ಚಾನೆಲ್ 11 ಬೇಕೆಂದು ‘1’ನ್ನು ಎರಡು ಸಲ ಒತ್ತಿದ್ದೋ, ಒಂದೇ ಸಲ ಉದ್ದಕ್ಕೆ ಒತ್ತಿದ್ದೋ ತಿಳಿಯುತ್ತದೆ. ಸೋನಿಯದು 40 ಕಿಲೋಹರ್ಟ್ಸ್. ಬಿಟ್‌ಗಳು 12, 15 ಅಥವಾ 20.

ಈ ಗೋಜಲನ್ನು ಬಹುಕಾಲ ಬಿಡಿಸಿದ್ದು ‘ಲಿರ್ಕ್’ ಯೋಜನೆ. ಅದರ ಡ್ರೈವರುಗಳು ಕರ್ನಲ್‌ನ ಹೊರಗೇ ಬೆಳೆದವು. ಸಂಕೇತ ಬಿಡಿಸುವ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತ, ಪ್ರತಿ ರಿಮೋಟಿಗೂ ಒಂದು ಸಂರಚನಾ ಕಡತ ಬೇಡುತ್ತಿತ್ತು. ಯಾವ ವಿಚಿತ್ರ ರಿಮೋಟನ್ನೂ ಅದಕ್ಕೆ ಕಲಿಸಬಹುದಿತ್ತು, ನಿಜ. ಆದರೆ ಸಾಧಾರಣ ಬಳಕೆದಾರನಿಗೆ ಅದು ತಲೆನೋವು. 2009ರ ಕೊನೆಗೆ, ಸಂಕೇತ ಬಿಡಿಸುವ ಕೆಲಸ ಕರ್ನಲ್‌ನೊಳಗಿರಬೇಕೇ ಹೊರಗಿರಬೇಕೇ ಎಂದು ಡೆವಲಪರ್‌ಗಳ ನಡುವೆ ದೊಡ್ಡ ವಾಗ್ವಾದವೇ ನಡೆಯಿತು. 2010ರಲ್ಲಿ, ಕರ್ನಲ್‌ನ ಮಾಧ್ಯಮ ವಿಭಾಗ ನೋಡಿಕೊಳ್ಳುತ್ತಿದ್ದ ಮೌರೊ ಕಾರ್ವಾಲ್ಯೊ ಚೆಹಬ್ ಮತ್ತಿತರರ ಕೆಲಸದಿಂದ ಪ್ರಚಲಿತ ಪ್ರೋಟೋಕಾಲ್‌ಗಳ ಡಿಕೋಡರುಗಳು ಒಳಗೆ ಬಂದವು. ಲಿರ್ಕ್‌ಗೂ ಒಂದು ಬಾಗಿಲು ಉಳಿಯಿತು.

ಇದರ ಲಾಭ ದೊಡ್ಡದು. ರಿಮೋಟ್ ಈಗ ವ್ಯವಸ್ಥೆಯ ಪಾಲಿಗೆ ಇನ್ನೊಂದು ಕೀಬೋರ್ಡ್. ‘ವಾಲ್ಯೂಮ್ ಏರಿಸು’ ಎಂಬುದು ಯಾವ ಕಂಪನಿಯ ರಿಮೋಟಿನಿಂದ ಬಂದರೂ ಅನ್ವಯಿಕಗಳಿಗೆ ಒಂದೇ ಕೀಲಿ. ಗುಂಡಿಗೂ ಕೀಲಿಗೂ ನಂಟು ಹಾಕುವ ಪಟ್ಟಿಯನ್ನು ‘ಐಆರ್-ಕೀಟೇಬಲ್’ ಎಂಬ ಸಲಕರಣೆಯಿಂದ ಬದಲಿಸಬಹುದು. ರಾಸ್ಪ್‌ಬೆರಿ ಪೈ ಬೋರ್ಡಿಗೆ ಮೂರು ಕಾಲಿನ ಅಗ್ಗದ ಗ್ರಾಹಕ ಬಿಡಿಭಾಗವೊಂದನ್ನು ಜೋಡಿಸಿ, ಜಿಪಿಐಒ ಡ್ರೈವರ್ ಚಾಲೂ ಮಾಡಿದರೂ ಇದೇ ಏರ್ಪಾಡು ಸಿಗುತ್ತದೆ.

ಒಳಗಿನ ಡಿಕೋಡರುಗಳಿಗೆ ಗೊತ್ತಿಲ್ಲದ ರಿಮೋಟ್‌ಗಳ ಪಾಡೇನು? 2018ರ 4.18 ಆವೃತ್ತಿ ಇದಕ್ಕೆ ಜಾಣ ದಾರಿ ತೆರೆಯಿತು: ಬಿಪಿಎಫ್ ಎಂಬ ಪುಟ್ಟ ಪ್ರೋಗ್ರಾಮಿನ ರೂಪದಲ್ಲಿ ಹೊಸ ಡಿಕೋಡರನ್ನು ಬರೆದು, ಕರ್ನಲನ್ನು ಮತ್ತೆ ಕಂಪೈಲ್ ಮಾಡದೆಯೇ ಅದಕ್ಕೆ ಸೇರಿಸಬಹುದು. 2009ರ ವಾಗ್ವಾದದಲ್ಲಿ ಎರಡೂ ಕಡೆಯವರು ಕೇಳಿದ್ದು ಹೀಗೆ ದಕ್ಕಿತು.

ಏಸಿ ರಿಮೋಟ್ ಮಾತ್ರ ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಅದು ಸಾಮಾನ್ಯವಾಗಿ ಒತ್ತಿದ ಗುಂಡಿಯನ್ನಷ್ಟೇ ಅಲ್ಲ, ತಾಪಮಾನ, ಫ್ಯಾನಿನ ವೇಗ, ಮೋಡ್ ಎಲ್ಲವನ್ನೂ ಪ್ರತಿ ಸಲ ಒಟ್ಟಿಗೆ ಕಳಿಸುತ್ತದೆ. ಅಂಥದ್ದನ್ನು ಕೀಲಿಯಾಗಿ ನೋಡುವುದು ವ್ಯರ್ಥ. ‘ಐಆರ್-ಸಿಟಿಎಲ್’ ಎಂಬ ಸಲಕರಣೆಯಿಂದ ಮಿನುಗು–ಬಿಡುವುಗಳನ್ನು ಇದ್ದಂತೆಯೇ ದಾಖಲಿಸಿಕೊಂಡು ಮರುಪ್ರಸಾರ ಮಾಡುವುದೇ ಮೇಲು.