ಹಳೆಯ ಅರಿವೆ, ಹೊಸ ಒಡೆತನ

ಆಳಂದ ತಾಲೂಕಿನಲ್ಲಿ, ಮಹಾರಾಷ್ಟ್ರದ ಸೀಮೆಗೆ ಸಮೀಪವಾಗಿ, ಜೋಳ ತೊಗರಿಗಳ ಕರಿನೆಲದ ಮೇಲೆ ನೆಲೆನಿಂತ ಮಾದನಹಿಪ್ಪರಗಾದಂಥ ಗ್ರಾಮಗಳಲ್ಲಿ, ಒಂದು ನೂಲಿನ ಸೀರೆಯ ಆಯುಷ್ಯವು ಅದನ್ನು ಮೊದಲು ಉಟ್ಟವಳ ಮೈಮೇಲೆಯೇ ತೀರಿಹೋಗುವುದು ಅಪೂರ್ವವಾಗಿದ್ದಿತು. ಉಟ್ಟುಟ್ಟು ಮೆತ್ತಗಾದ ಸೀರೆ ಬಾಣಂತಿಯ ತಲೆಗೆ ಕಟ್ಟಾಗಿ, ಕೂಸಿನ ತೊಟ್ಟಿಲಿಗೆ ಹಾಸಾಗಿ, ಕಡೆಗೆ ಅಜ್ಜನ ಧೋತರ, ಮಕ್ಕಳ ಅಂಗಿ, ಕುಪ್ಪಸದ ತುಂಡುಗಳೊಡನೆ ಪದರುಪದರಾಗಿ ಸೇರಿ ಕೌದಿಯಾಗುತ್ತಿದ್ದಿತು. ಹೊಲದ ಕೆಲಸ ಸಡಿಲಾದ ದಿನಗಳಲ್ಲಿ ಹೆಂಗಳೆಯರು ಪಡಸಾಲೆಯಲ್ಲಿ ಪದರುಗಳನ್ನು ಹಾಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ದಾರವೆಳೆಯುತ್ತ, ಹರಿದದ್ದನ್ನು ಒಳಪದರಕ್ಕೂ ಬಣ್ಣ ಉಳಿದದ್ದನ್ನು ಮೇಲಕ್ಕೂ ಇಡುತ್ತ, ಒಂದು ಮನೆತನದ ಮೂರು ತಲೆಮಾರುಗಳ ಉಡುಪನ್ನು ಒಂದೇ ಹೊದಿಕೆಯಲ್ಲಿ ಕೂಡಿಸುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಗೊಂದಲಿಗ ಸಮುದಾಯದ ಹೆಂಗಸರು ಪರರ ಮನೆಯ ಕೌದಿ ಹೊಲಿಯುವುದನ್ನೇ ಉಪಜೀವನದ ಮಾರ್ಗವನ್ನಾಗಿ ಮಾಡಿಕೊಂಡಿದ್ದುದೂ ಉಂಟು.

ಪರರು ತೊಟ್ಟ ವಸ್ತ್ರವನ್ನು ಆದರದಿಂದ ಧರಿಸುವ ಪರಂಪರೆ ಈ ಸೀಮೆಗೆ ಬಹು ಪುರಾತನವಾದುದು. ಭೀಮಾತೀರದ ಸನ್ನತಿಯಲ್ಲಿ ಅಶೋಕನ ಶಾಸನವೂ, ಪಕ್ಕದ ಕನಗನಹಳ್ಳಿಯಲ್ಲಿ ಅವನ ಹೆಸರನ್ನು ಕೆತ್ತಿದ ಶಿಲ್ಪವುಳ್ಳ ಮಹಾಸ್ತೂಪವೂ ದೊರೆತಿವೆ. ಅಂಥ ಸ್ತೂಪಗಳನ್ನು ಆಶ್ರಯಿಸಿದ್ದ ಭಿಕ್ಷುಗಳ ಧರ್ಮದಲ್ಲಿ ತಿಪ್ಪೆಯಿಂದಲೂ ಸ್ಮಶಾನದಿಂದಲೂ ಆಯ್ದ ಚಿಂದಿಗಳನ್ನು ಒಗೆದು ಹೊಲಿದುಟ್ಟ ಚೀವರಕ್ಕೆ ವಿಶೇಷ ಗೌರವವಿದ್ದಿತು. ಆ ತುಂಡುಗಳನ್ನು ಮಗಧದ ಗದ್ದೆಗಳ ಬದುಗಳಂತೆ ಜೋಡಿಸುವ ಕ್ರಮವನ್ನು ಆನಂದನು ರೂಪಿಸಿದನೆಂದು ವಿನಯಪಿಟಕ ಹೇಳುತ್ತದೆ. ಮುಂದೆ, 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯದ ಕಾಲಕ್ಕೆ, ದೆಹಲಿಯನ್ನು ಬಿಟ್ಟು ಕಲಬುರಗಿಗೆ ಬಂದು ನೆಲಸಿ 1422ರಲ್ಲಿ ದೇಹವಿಟ್ಟ ಬಂದೇನವಾಜರಂಥ ಸೂಫಿಗಳ ಪಂಥದಲ್ಲಿ, ಗುರುವಿನ ಮೈಸೋಂಕಿದ ತೇಪೆಯ ನಿಲುವಂಗಿಯಾದ ಖಿರ್ಕಾವನ್ನು ಶಿಷ್ಯನು ಪಡೆಯುವುದೇ ಉತ್ತರಾಧಿಕಾರದ ಲಕ್ಷಣವಾಗಿದ್ದಿತು. ಅರಸನು ತನ್ನ ಮೈಮೇಲಿನ ಉಡುಪನ್ನೇ ಕಳೆದು ಸನ್ಮಾನವಾಗಿ ಕೊಡುವುದು ಖಿಲ್ಲತ್ತಿನ ಮೂಲರೂಪ. ಇಲ್ಲೆಲ್ಲ ಹಳತಾಗುವುದರಿಂದ ವಸ್ತ್ರದ ಮೌಲ್ಯ ಕುಂದುತ್ತಿರಲಿಲ್ಲ, ಏರುತ್ತಿದ್ದಿತು.

ಆದರೆ ಇಷ್ಟನ್ನೇ ಹೇಳಿ ಲೇಖನಿಯನ್ನು ಕೆಳಗಿಡುವವನು ಹಳೆಯ ಬಟ್ಟೆಯ ಇತಿಹಾಸದಲ್ಲಿ ಬಹುಜನರ ಪಾಲಿಗೆ ಬಂದುದನ್ನು ಮರೆಮಾಡಿದಂತಾಗುವುದು. ಶವದ ಮೇಲಿನ ಅರಿವೆಯೇ ಕೆಲವರ ಉಡುಪಾಗಿರತಕ್ಕದ್ದೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ವಿಧಿಸಿತು. ಊರೂರುಗಳಲ್ಲಿ, ವರ್ಷವಿಡೀ ಹೊಲದಲ್ಲಿ, ಕೊಟ್ಟಿಗೆಯಲ್ಲಿ ದುಡಿದವರಿಗೆ ಒಡೆಯರು ತೊಟ್ಟು ಬಿಟ್ಟ ಅಂಗಿ ಧೋತರಗಳೇ ಕೂಲಿಯ ಒಂದು ಭಾಗವೆಂದು ಸಂದುವು. ಅವನ್ನು ದೂರದಲ್ಲಿ ಬಾಗಿ ನಿಂತು, ಮೇಲಿನಿಂದ ಬೀಳುವುದನ್ನು ಸೆರಗೊಡ್ಡಿ ಹಿಡಿಯಬೇಕಾಗಿದ್ದಿತು. ತೊಟ್ಟಿಲಿಗೆ ಹೋದ ಅಜ್ಜಿಯ ಸೀರೆಯೂ ಹೀಗೆ ಬಿದ್ದ ಸೀರೆಯೂ ಒಂದೇ ಮಗ್ಗದಿಂದ ಬಂದಿರಬಹುದು. ಮೊದಲನೆಯದರಲ್ಲಿ ಮಮತೆಯಿದ್ದಿತು, ಎರಡನೆಯದರಲ್ಲಿ ಅಂತಸ್ತಿನ ಮುದ್ರೆ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅಂಬೇಡ್ಕರರು ದಲಿತ ಸ್ತ್ರೀಯರನ್ನುದ್ದೇಶಿಸಿ, ಜಾತಿಯನ್ನು ಸಾರುವ ರೀತಿಯಲ್ಲಿ ಸೀರೆಯುಡುವುದನ್ನು ತೊರೆಯಿರೆಂದು ಹೇಳಿದುದು ಈ ಮುದ್ರೆಯನ್ನು ಅಳಿಸುವುದಕ್ಕಾಗಿಯೇ. 1921ರಲ್ಲಿ ವಿದೇಶೀ ಬಟ್ಟೆಗಳನ್ನು ಸುಡುವ ಬದಲು ಬಡವರಿಗೆ ಹಂಚಬಾರದೇಕೆಂಬ ಪ್ರಶ್ನೆ ಎದ್ದಾಗ, ಕೆಲಸ ಬೇಕಾದವರಿಗೆ ಬಟ್ಟೆಯನ್ನು ಬಿಸುಟು ಅವಮಾನಿಸಲಾರೆನೆಂಬ ಭಾವದಿಂದ ಗಾಂಧೀಜಿ ಉತ್ತರವಿತ್ತುದನ್ನೂ ಇಲ್ಲಿ ನೆನೆಯಬೇಕು.

ಈ ದೃಷ್ಟಿಯಿಂದ ನೋಡಿದಾಗ, ಹಳೆಯ ಬಟ್ಟೆಯನ್ನು ಕಾಸು ಕೊಟ್ಟು ಕೊಳ್ಳುವ ಪೇಟೆಗೆ, ನಮ್ಮ ಇತಿಹಾಸಕಾರರು ಕೊಡದೆ ಹೋದ ಗೌರವವೊಂದು ಸಲ್ಲತಕ್ಕದ್ದಾಗಿದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸೊಲ್ಲಾಪುರದಲ್ಲಿಯೂ, ಬಳಿಕ ಕಲಬುರಗಿಯಲ್ಲಿ ಮಹಬೂಬಶಾಹಿ ಗಿರಣಿಯ ರೂಪದಲ್ಲಿಯೂ ನೂಲು ಬಟ್ಟೆಗಳ ಯಂತ್ರೋದ್ಯಮ ತಲೆಯೆತ್ತಿದ ಮೇಲೆ ಬಟ್ಟೆ ಅಗ್ಗವಾಯಿತು. ಅಗ್ಗವಾದದ್ದು ಬೇಗ ಕೈಬದಲಾಯಿಸಿತು. ಎರಡನೆಯ ಮಹಾಯುದ್ಧದ ನಡುವೆ ಬ್ರಿಟಿಷ್ ಭಾರತದಲ್ಲಿ 1943ರ ನಿಯಂತ್ರಣಾಜ್ಞೆ ಬರುವಷ್ಟು ಬಟ್ಟೆಯ ಅಭಾವ ತಲೆದೋರಿದಾಗ, ತೊಟ್ಟ ಬಟ್ಟೆಯೂ ದುರ್ಲಭವಸ್ತುವಾಯಿತು. ನಿಜಾಮರ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ ಗುರುವಾರಕ್ಕೊಮ್ಮೆ ನೆರೆಯುವ ಜುಮೇರಾತ್ ಬಜಾರು ಹಳೆಯ ಸಾಮಾನುಗಳಿಗೆಲ್ಲ ಹೆಸರಾಯಿತು. ಗುಜರಾತಿನ ವಾಘರಿ ಸಮುದಾಯದ ಹೆಂಗಸರಂತೂ ಪಾತ್ರೆಯ ಬುಟ್ಟಿ ಹೊತ್ತು ಮನೆಮನೆಗೆ ನಡೆದು, ಬಟ್ಟೆ ಪಡೆದು ಪಾತ್ರೆ ಕೊಟ್ಟು, ಪಡೆದುದನ್ನು ಒಗೆದು, ಹೊಲಿದು, ಇಸ್ತ್ರಿ ಹಾಕಿ ಮಾರುವ ಮಹಾವ್ಯಾಪಾರವನ್ನೇ ಕಟ್ಟಿದರು. ದೆಹಲಿಯ ರಘುಬೀರ ನಗರದಲ್ಲಿ ನಸುಕಿನಲ್ಲೇ ತೆರೆಯುವ ಹಳೆಬಟ್ಟೆಯ ಮಂಡಿ ಅವರ ಶ್ರಮದ ಫಲ.

ಸಂತೆಯಲ್ಲಿ ತಾಡಪತ್ರಿಯ ಮೇಲೆ ಸುರಿದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಕೂಲಿಕಾರನು ಅಂಗಿಯ ಕಾಲರು ಮುಗ್ಗಿದೆಯೋ, ಬಗಲ ಹೊಲಿಗೆ ಬಿಟ್ಟಿದೆಯೋ, ಮೊಣಕಾಲಿನಲ್ಲಿ ಎಳೆ ಸವೆದಿದೆಯೋ ಎಂದು ಬಿಸಿಲಿಗೆ ಹಿಡಿದು ನೋಡುವಾಗ, ಬೆಲೆ ಸರಿಬಾರದಿದ್ದರೆ ಹಾಗೆಯೇ ಬಿಸುಟು ಎದ್ದುಹೋಗುವ ಸ್ವಾತಂತ್ರ್ಯ ಅವನಿಗಿರುತ್ತದೆ. ಅವನ ತಾತನಿಗೆ, ಒಡೆಯರು ಕೊಟ್ಟ ಅಂಗಿಯನ್ನು ಒಲ್ಲೆನೆನ್ನುವ ಅಧಿಕಾರವಿರಲಿಲ್ಲ. ಈ ಅಂಗಿಯನ್ನು ಮೊದಲು ತೊಟ್ಟವನಾರೋ ಅವನಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆ ಅಜ್ಞಾತತೆಯೇ ಅವನ ತಲೆಯ ಮೇಲಿನ ಋಣವನ್ನು ಇಳಿಸುತ್ತದೆ.

ಪೇಟೆ ಕೊಟ್ಟದ್ದರೊಡನೆ ಕಿತ್ತುಕೊಂಡದ್ದೂ ಉಂಟು. ಸೀರೆ ಪಾತ್ರೆಯಾಗಿ ಮಾರ್ಪಟ್ಟ ಮನೆಯಲ್ಲಿ ಕೌದಿಗೆ ಬಟ್ಟೆ ಸಾಲದಾಯಿತು. ಪಾಲಿಯೆಸ್ಟರಿನ ಸೀರೆಯು ಹತ್ತಿಯಂತೆ ಮೆತ್ತಗಾಗದೆ, ಬೆವರನ್ನೂ ಹೀರದೆ, ಸೂಜಿಗೆ ಜಾರುತ್ತದೆ. ಸೊಲ್ಲಾಪುರದ ಚಾದರು ಸುಲಭವಾಗಿ ದೊರೆಯುತ್ತದೆ. ಇಷ್ಟಾಗಿಯೂ ಕೌದಿ ಹೊಲಿಯುವ ಕೈಗಳು ಪೂರ್ತಿಯಾಗಿ ನಿಂತಿಲ್ಲ. ಉತ್ತರ ಕನ್ನಡದ ಸಿದ್ದಿ ಸ್ತ್ರೀಯರ ಕೌದಿಗಳು ದೇಶಾಂತರಗಳಲ್ಲಿ ಪ್ರದರ್ಶಿತವಾಗಿ, ವಿದ್ವಾಂಸರ ಅಧ್ಯಯನಕ್ಕೂ ವಿಷಯವಾಗಿವೆ. ನಮ್ಮ ಬಯಲುಸೀಮೆಯ ಅವ್ವಂದಿರ ಕೌದಿಗಳಿಗೆ ಅಂಥ ಅಭ್ಯಾಸಿಗಳು ಇನ್ನೂ ದೊರೆಯಬೇಕಾಗಿದೆ.