ಹೆಬ್ಬಾವಿನ ಬಣ್ಣ ಮತ್ತು ಅದರ ಬೆಲೆ

ಪಶ್ಚಿಮ ಆಫ್ರಿಕದ ಹುಲ್ಲುಗಾವಲುಗಳ ಬಿಲಗಳಲ್ಲಿ ಪುಟ್ಟ ಹೆಬ್ಬಾವೊಂದು ವಾಸಿಸುತ್ತದೆ. ಹೆದರಿದಾಗ ತಲೆಯನ್ನು ಒಳಗೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಬಾಲ್ ಪೈಥಾನ್ ಎಂದು ಹೆಸರು. ಕಪ್ಪು ಮೈಮೇಲೆ ಕಂದು ಮಚ್ಚೆಗಳಿರುವ ಈ ಹಾವು ಘಾನಾ, ಟೋಗೊ, ಬೆನಿನ್ ದೇಶಗಳಿಂದ ಅಮೆರಿಕಕ್ಕೆ ಹೋಗಿ ಸಾಕುಪ್ರಾಣಿ ಅಂಗಡಿಗಳಲ್ಲಿ ಅಗ್ಗಕ್ಕೆ ಮಾರಾಟವಾಗುತ್ತಿತ್ತು.

ಅದರ ಹಣೆಬರಹ ಬದಲಾದದ್ದು 1992ರಲ್ಲಿ. ಆ ವರ್ಷ ಅಮೆರಿಕದ ಹಾವು ಸಾಕಣೆಗಾರ ಬಾಬ್ ಕ್ಲಾರ್ಕ್ ಹಳದಿ-ಬಿಳಿ ಮೈಯ, ಕೆಂಪು ಕಣ್ಣಿನ ಮರಿಗಳನ್ನು ಸೆರೆಯಲ್ಲಿಯೇ ಪಡೆದರು. ಕಪ್ಪು ವರ್ಣದ್ರವ್ಯವಿಲ್ಲದ ಈ ಸ್ಥಿತಿ ಅನುವಂಶೀಯವೆಂಬುದು ಇದರಿಂದ ಖಚಿತವಾಯಿತು.

ಇದರ ಲೆಕ್ಕ ಮೆಂಡಲ್ ಬಟಾಣಿ ಗಿಡದಲ್ಲಿ ಕಂಡದ್ದೇ. ಬಿಳಿಚು ಹಾವನ್ನು ಸಾಮಾನ್ಯ ಹಾವಿನೊಡನೆ ಕೂಡಿಸಿದರೆ ಮರಿಗಳೆಲ್ಲ ಕಂದು ಬಣ್ಣದವೇ. ಆದರೆ ಬಿಳಿಚಿನ ಗುಣ ಅವುಗಳಲ್ಲಿ ಅಡಗಿರುತ್ತದೆ. ಆ ಮರಿಗಳು ಬೆಳೆದು ಪರಸ್ಪರ ಕೂಡಿದಾಗ ಸರಾಸರಿ ನಾಲ್ಕರಲ್ಲಿ ಒಂದು ಬಿಳಿಚಾಗಿ ಹುಟ್ಟುತ್ತದೆ.

ಇದಕ್ಕೆ ತಾಳ್ಮೆ ಬೇಕು. ಹೆಣ್ಣು ಇಡುವುದು ಕೆಲವೇ ಮೊಟ್ಟೆ. ಸುಮಾರು 31 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅವು ಒಡೆಯಲು ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಮರಿ ಮೊದಲ ಪೊರೆ ಕಳಚಿದ ಮೇಲೆಯೇ ಸಾಮಾನ್ಯವಾಗಿ ಇಲಿಮರಿ ತಿನ್ನಲು ಆರಂಭಿಸುತ್ತದೆ. ಹೆಣ್ಣು ಮರಿ ತಾಯಾಗುವಷ್ಟು ಬೆಳೆಯಲು ಸಾಮಾನ್ಯವಾಗಿ ಮೂರು ವರ್ಷ ಬೇಕು. ಸಾಕಿದ ಹಾವು 20-30 ವರ್ಷ ಬದುಕಬಲ್ಲದು.

ಬಿಳಿಚಿನ ಬೆನ್ನಲ್ಲೇ ಇತರ ಬಣ್ಣಗಳ ಹುಡುಕಾಟ ಶುರುವಾಯಿತು. 1999ರ ಹೊತ್ತಿಗೆ 'ಸ್ಪೈಡರ್' ಎಂಬ ತಳಿ ಬಂತು. ಮೈಮೇಲೆ ಜೇಡರ ಬಲೆಯಂಥ ತೆಳುಗೆರೆಗಳಿರುವ ಅದು ಬಹುಬೇಗ ಜನಪ್ರಿಯವಾಯಿತು. ಆದರೆ ಈ ಹಾವುಗಳ ತಲೆ ನಡುಗುತ್ತದೆ, ಓಲಾಡುತ್ತದೆ. ತೀವ್ರವಾದಾಗ ಬೇಟೆಯ ಮೇಲೆ ಎರಗುವಾಗಲೂ ಗುರಿ ತಪ್ಪುತ್ತದೆ. ಸಮತೋಲ ಕಾಯುವ ಒಳಕಿವಿಯ ರಚನೆಯೇ ಇವುಗಳಲ್ಲಿ ವಿಕೃತವಾಗಿದೆ ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಗೆರೆಯೂ ನಡುಕವೂ ಒಟ್ಟಿಗೇ ಬರುವುದರಿಂದ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತೆಗೆಯಲು ಸಾಕಣೆಗಾರರಿಗೆ ಆಗಿಲ್ಲ.

ಈ ಬಣ್ಣದ ಗೀಳು ಭಾರತಕ್ಕೂ ತಲುಪಿದೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ವಿವಿಧ ಬಣ್ಣಗಳ 55 ಬಾಲ್ ಪೈಥಾನ್‌ಗಳು ಸಿಕ್ಕವು.

ಕಾಡಿನಲ್ಲಿ ಈ ಹಾವನ್ನು ಹದ್ದಿನ ಕಣ್ಣಿನಿಂದ ಮರೆಸುವುದು ಅದರ ಮಂಕು ಕಂದು ಬಣ್ಣ. ಮನುಷ್ಯನಿಗೆ ಬೇಡವಾದದ್ದೂ ಅದೇ.