ಭುಜಸಂಧಿಯ ಚಿಕಿತ್ಸೆ: ರಾಯಚೂರು ಸೀಮೆಯನ್ನು ಮುಂದಿಟ್ಟುಕೊಂಡು ಒಂದು ಚಾರಿತ್ರಿಕ ವಿವೇಚನೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬಿನ ಚರಿತ್ರೆಯನ್ನು ನಾವು ಬಹುಕಾಲದಿಂದ ಕೋಟೆಗಳ ಚರಿತ್ರೆಯನ್ನಾಗಿಯೇ ಓದುತ್ತ ಬಂದಿದ್ದೇವೆ. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹನನ್ನು ಸೋಲಿಸಿ ರಾಯಚೂರನ್ನು ಹಿಡಿದ ವೃತ್ತಾಂತವನ್ನು ಪೋರ್ಚುಗೀಸ ನೂನಿಜನು ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಆನೆ, ಕುದುರೆ, ಕಾಲಾಳುಗಳ ಲೆಕ್ಕವೆಲ್ಲ ಅಲ್ಲಿ ದೊರೆಯುತ್ತದೆ. ಆದರೆ ಕತ್ತಿ ಹಿಡಿದ ತೋಳಿನ ಕೀಲು ತಪ್ಪಿದ ಮೇಲೆ ಆ ಸೈನಿಕನ ಗತಿ ಏನಾಗುತ್ತಿತ್ತೆಂಬ ಪ್ರಶ್ನೆಯನ್ನು ಚರಿತ್ರಕಾರರು ಕೇಳುವುದು ವಿರಳ. ಭುಜಸಂಧಿಯ ಚಿಕಿತ್ಸೆ ಯಾವ ಯಾವ ಹಂತಗಳನ್ನು ದಾಟಿ ಇಂದಿನ ಕೀಹೋಲ್ ಶಸ್ತ್ರಚಿಕಿತ್ಸೆಯವರೆಗೆ ಬಂದಿತು, ಆ ಪ್ರಗತಿಯ ಫಲ ದೇವದುರ್ಗ, ಮಾನ್ವಿಗಳ ರೈತನಿಗೆ ದಕ್ಕಬೇಕಾದರೆ ಇನ್ನೇನು ಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಲಾಗಿದೆ.

ಮೊದಲು ಸಂಧಿಯ ರಚನೆಯನ್ನು ಗಮನಿಸಬೇಕು. ತೋಳಿನ ಮೂಳೆಯ ತಲೆ ದೊಡ್ಡದು. ಅದನ್ನು ಧರಿಸುವ ಹೆಗಲಮೂಳೆಯ ಕುಳಿ ಚಿಕ್ಕದು, ಆಳವಿಲ್ಲದ್ದು. ಕುಳಿಯ ಅಂಚಿಗೆ ಉಂಗುರದಂತೆ ಅಂಟಿಕೊಂಡ ಮೆದುವಾದ ಪಟ್ಟಿಯೂ ಅದಕ್ಕೆ ಸೇರಿದ ಸ್ನಾಯುಬಂಧಗಳೂ ತಲೆಯನ್ನು ಅದರ ಸ್ಥಾನದಲ್ಲಿ ನಿಲ್ಲಿಸುತ್ತವೆ. ತೋಳು ಎಲ್ಲ ದಿಕ್ಕಿಗೂ ತಿರುಗಬಲ್ಲುದು ಈ ರಚನೆಯಿಂದಲೇ. ಸುಲಭವಾಗಿ ಜಾರುವುದೂ ಇದರಿಂದಲೇ. ಎಳೆಯ ವಯಸ್ಸಿನಲ್ಲಿ ಒಮ್ಮೆ ತಪ್ಪಿದ ಕೀಲು ಮತ್ತೆ ಮತ್ತೆ ತಪ್ಪುವ ಸಂಭವ ಹೆಚ್ಚು.

ಸುಶ್ರುತಸಂಹಿತೆಯು ಮೂಳೆಯ ಪೆಟ್ಟುಗಳನ್ನು ಸಂಧಿಮುಕ್ತ, ಕಾಂಡಭಗ್ನ ಎಂದು ಎರಡಾಗಿ ವಿಂಗಡಿಸಿ, ಸಂಧಿಮುಕ್ತದಲ್ಲಿ 6 ಬಗೆಗಳನ್ನು ಹೇಳುತ್ತದೆ. ಹೆಗಲಿನ ಕೀಲು ತಪ್ಪಿದಾಗ ಕಂಕುಳನ್ನು ಒನಕೆಯಿಂದ ಮೇಲೆತ್ತಿ, ಮೂಳೆ ಸ್ವಸ್ಥಾನಕ್ಕೆ ಬಂದ ಬಳಿಕ ಸ್ವಸ್ತಿಕವೆಂಬ ಕಟ್ಟನ್ನು ಕಟ್ಟಬೇಕೆಂದು ಅದರ ಚಿಕಿತ್ಸಾಸ್ಥಾನದ 3ನೆಯ ಅಧ್ಯಾಯ ವಿಧಿಸುತ್ತದೆ. ಗ್ರೀಕರ ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ಬಂದಿರುವ ಸಂಧಿಗಳ ಕುರಿತ ಗ್ರಂಥದಲ್ಲಿಯೂ ಒನಕೆಯಂಥ ಕೋಲಿನ ಉಪಾಯವೇ ಕಾಣಬರುತ್ತದೆ. ಈ ಸಾಮ್ಯವೊಂದರಿಂದಲೇ ಒಬ್ಬರು ಮತ್ತೊಬ್ಬರಿಂದ ಕಲಿತರೆಂದು ಸಾಧಿಸಲಾಗದು. ಮನೆಯಲ್ಲಿ ಒನಕೆಯಿರುವ ಜನ ತಮ್ಮ ಪಾಡಿಗೆ ತಾವೇ ಈ ಉಪಾಯವನ್ನು ಕಂಡುಕೊಂಡಿರಬಹುದು. ಗ್ರೀಕ್ ಗ್ರಂಥವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪದೇ ಪದೇ ಜಾರುವ ಭುಜದಿಂದ ಮಲ್ಲರು ಕಣ ಬಿಡಬೇಕಾಯಿತೆಂದೂ ಯುದ್ಧದಲ್ಲಿ ಪ್ರಾಣ ಕಳೆದುಕೊಂಡವರಿದ್ದರೆಂದೂ ಹೇಳಿ, ಕಂಕುಳಿಗೆ ಕಾದ ಕಬ್ಬಿಣದಿಂದ ಬರೆಯಿಟ್ಟು ಒಳಗಿನ ಸಡಿಲವನ್ನು ಬಿಗಿಗೊಳಿಸುವ ಕ್ರಮವನ್ನು ತಿಳಿಸುತ್ತದೆ. ಉಪಾಯ ಕ್ರೂರವಾದರೂ ದೋಷ ಸಂಧಿಯ ಸಡಿಲದಲ್ಲಿದೆಯೆಂಬ ಗ್ರಹಿಕೆ ಸರಿಯಾಗಿಯೇ ಇತ್ತು.

ಈ ಗ್ರಹಿಕೆ ಶಸ್ತ್ರಕ್ರಿಯೆಯಾಗಿ ಪರಿಣಮಿಸಲು ನೋವಿನ ನಿವಾರಣೆಯೂ ಶುಚಿತ್ವವೂ ಅಗತ್ಯವಾಗಿದ್ದವು. ಇವುಗಳಲ್ಲಿ ಮೊದಲನೆಯದರ ಚರಿತ್ರೆಯಲ್ಲಿ ನಮ್ಮ ಸೀಮೆ ಸೇರಿದ್ದ ರಾಜ್ಯಕ್ಕೆ ಒಂದು ಸ್ಥಾನವುಂಟು. 1853ರಲ್ಲಿ ಬ್ರಿಟಿಷರ ಆಡಳಿತಕ್ಕೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿದ ರಾಯಚೂರು, 1948ರವರೆಗೆ ಅವನ ಆಳ್ವಿಕೆಯಲ್ಲಿಯೇ ಉಳಿಯಿತು. ಆ ರಾಜ್ಯದ ರಾಜಧಾನಿಯಾದ ಹೈದರಾಬಾದಿನಲ್ಲಿ ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿಯ ಪ್ರೇರಣೆಯಿಂದಲೂ ನಿಜಾಮನ ಧನಸಹಾಯದಿಂದಲೂ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಕ್ಲೋರೋಫಾರ್ಮಿನಿಂದ ಹೃದಯಕ್ಕೆ ನೇರ ಅಪಾಯವಿಲ್ಲವೆಂಬ ಅವುಗಳ ನಿರ್ಣಯ ಮುಂದೆ ತಪ್ಪೆಂದು ಸಿದ್ಧವಾಯಿತು. ಆದರೂ ಪ್ರಯೋಗಗಳ ಮೂಲಕ ಪ್ರಶ್ನೆಯನ್ನು ಬಿಡಿಸಲು ಯತ್ನಿಸಿದ ಕೀರ್ತಿ ಅವುಗಳಿಗೆ ಸಲ್ಲಬೇಕು.

ಜರ್ಮನಿಯ ಪೆರ್ಥೆಸ್ 1906ರಲ್ಲಿಯೂ ಲಂಡನ್ನಿನ ಬ್ಲಂಡೆಲ್ ಬ್ಯಾಂಕಾರ್ಟ್ 1923ರಲ್ಲಿಯೂ ಕುಳಿಯ ಅಂಚಿನ ಪಟ್ಟಿ ಹರಿದು ಬೇರ್ಪಡುವುದೇ ಕೀಲು ಮರುಮರಳಿ ಜಾರಲು ಮುಖ್ಯ ಕಾರಣವೆಂದು ತೋರಿಸಿದರು. ಹರಿದುದನ್ನು ಮತ್ತೆ ಮೂಳೆಗೆ ಹೊಲಿಯುವ ಕ್ರಮಕ್ಕೆ ಬ್ಯಾಂಕಾರ್ಟನ ಹೆಸರೇ ನಿಂತಿತು. ಕುಳಿಯ ಮೂಳೆಯೇ ಸವೆದಿದ್ದರೆ ಪಕ್ಕದ ಮೂಳೆಯ ತುಣುಕೊಂದನ್ನು ಅಲ್ಲಿಗೆ ಕೂರಿಸುವ ಕ್ರಮವನ್ನು 1954ರಲ್ಲಿ ಫ್ರಾನ್ಸಿನ ಲಾತಾರ್ಜೆ ಪ್ರಕಟಿಸಿದನು. ಆದರೆ ಇವೆಲ್ಲಕ್ಕೂ ಭುಜವನ್ನು ಅಗಲವಾಗಿ ಕೊಯ್ದು ತೆರೆಯಬೇಕಾಗಿತ್ತು.

ಕೊಯ್ಯದೆ ಒಳಗನ್ನು ನೋಡುವ ಬಗೆ ಮೊದಲು ಮೊಳಕಾಲಿನಲ್ಲಿ ಸಾಧ್ಯವಾಯಿತು. 1918ರಲ್ಲಿ ಟೋಕಿಯೋದ ಕೆಂಜಿ ತಕಗಿ, ಮೂತ್ರಕೋಶವನ್ನು ನೋಡುವ ದರ್ಶಕವನ್ನು ಶವದ ಮೊಳಕಾಲಿನ ಸಂಧಿಯೊಳಗೆ ತೂರಿಸಿ ನೋಡಿದನು. 1931ರಲ್ಲಿ ನ್ಯೂಯಾರ್ಕಿನ ಬರ್ಮನ್ ಶವಗಳ ಭುಜವೇ ಮೊದಲಾದ ಸಂಧಿಗಳನ್ನು ಹೀಗೆಯೇ ಪರೀಕ್ಷಿಸಿದನು. ತಕಗಿಯ ಶಿಷ್ಯ ವತನಬೆ 1962ರಲ್ಲಿ ದರ್ಶಕದ ಮೂಲಕವೇ ಮೊಳಕಾಲಿನಲ್ಲಿ ಶಸ್ತ್ರಕ್ರಿಯೆ ನಡೆಸಿದನು. ಆಮೇಲೆ ಗಾಜಿನ ಎಳೆಗಳ ಬೆಳಕೂ ಟೆಲಿವಿಷನ್ ಕ್ಯಾಮರಾವೂ ಕೂಡಿಬಂದು, 1980ರ ದಶಕದಲ್ಲಿ ಭುಜದ ಹರಿದ ಪಟ್ಟಿಯನ್ನೂ ಸಣ್ಣ ರಂಧ್ರಗಳ ಮೂಲಕ ಜೋಡಿಸತೊಡಗಿದರು. ಮೊದಲ ವಿಧಾನಗಳಲ್ಲಿ ಕೀಲು ಮತ್ತೆ ತಪ್ಪುವ ಪ್ರಮಾಣ ತೆರೆದ ಶಸ್ತ್ರಕ್ರಿಯೆಗಿಂತ ಹೆಚ್ಚಾಗಿತ್ತು. ಕುಳಿಯ ಅಂಚಿಗೆ ದಾರಸಹಿತವಾದ ಪುಟ್ಟ ಮೊಳೆಗಳನ್ನು ಕೂರಿಸಿ ಪಟ್ಟಿಯನ್ನು ಬಿಗಿಯುವ ಕ್ರಮ ಬಂದ ಮೇಲೆ ಫಲ ಸುಧಾರಿಸಿತು.

ಇನ್ನು ನಮ್ಮ ಸೀಮೆಗೆ ಬರೋಣ. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿಯು ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ದೇವದುರ್ಗ, ಮಾನ್ವಿಗಳೆರಡೂ ಅವುಗಳಲ್ಲಿ ಸೇರಿವೆ. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2007ರಲ್ಲಿ. ತಕಗಿಯ ಪ್ರಯೋಗದಿಂದ ಅಲ್ಲಿಗೆ 89 ವರ್ಷಗಳು ಸಂದಿದ್ದವು.

ಆದರೆ ಉಪಕರಣ ಬಂದಮಾತ್ರಕ್ಕೆ ಚಿಕಿತ್ಸೆ ಬಂದಂತಾಗುವುದಿಲ್ಲ. ರಂಧ್ರ ಚಿಕ್ಕದಾದರೂ ಹರಿದ ಪಟ್ಟಿ ಮೂಳೆಗೆ ಕೂಡಿಕೊಳ್ಳುವ ಕಾಲ ಚಿಕ್ಕದಾಗದು. ಹಲವು ವಾರ ತೋಳನ್ನು ಜೋಳಿಗೆಯಲ್ಲಿಟ್ಟು, ಆಮೇಲೆ ತಿಂಗಳುಗಟ್ಟಲೆ ಕ್ರಮವಾದ ವ್ಯಾಯಾಮ ಮಾಡಬೇಕು. ಭಾರವನ್ನು ಬಹುದಿನ ಎತ್ತಬಾರದು. ಹತ್ತಿಯ ಅಂಡಿಗೆ, ಭತ್ತದ ಚೀಲಗಳನ್ನು ಹೊರುವ ಹಮಾಲನಿಗೂ ದಿನಗೂಲಿಯ ಹೆಣ್ಣಾಳಿಗೂ ಈ ವಿರಾಮವೇ ಎಲ್ಲಕ್ಕಿಂತ ದುಬಾರಿಯಾದ ಔಷಧ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯು ಕಾರ್ಖಾನೆಯ ಕಾರ್ಮಿಕನಿಗೆ ಕಾಯಿಲೆಯ ಕಾಲದಲ್ಲಿ ವೇತನದ ಒಂದು ಭಾಗವನ್ನು ದೊರಕಿಸಿತು. ಹೊಲದ ಕೂಲಿಯಾಳು ಅದರ ಹೊರಗೇ ಉಳಿದನು.

ಸುಶ್ರುತನ ವಿಧಿಯಲ್ಲಿ ಕೀಲನ್ನು ಕೂರಿಸುವ ಒನಕೆಯಷ್ಟೇ ಅನಂತರದ ಕಟ್ಟಿಗೂ ಸ್ಥಾನವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಒನಕೆಯಿಂದ ದರ್ಶಕದವರೆಗೆ ಕೈಯ ಸಾಧನ ಬದಲಾಗಿದೆ; ಕಟ್ಟಿದ ತೋಳಿಗೆ ಬೇಕಾದ ವಿರಾಮ ಬದಲಾಗಿಲ್ಲ. ಶಸ್ತ್ರವೈದ್ಯದ ಚರಿತ್ರೆಯನ್ನು ಬರೆಯುವವರು ಉಪಕರಣಗಳ ಕಾಲಾನುಕ್ರಮದೊಂದಿಗೆ ಈ ವಿರಾಮ ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದನ್ನೂ ಬರೆಯಬೇಕು. ಆಗಮಾತ್ರ ದೋಆಬಿನ ಚರಿತ್ರೆಯಲ್ಲಿ ಕೋಟೆಯ ಕಲ್ಲು ಹೊತ್ತ ತೋಳಿಗೂ ಒಂದು ಪುಟ ದೊರೆತೀತು.